ಬೆಂಗಳೂರು–ಪುತ್ತೂರು ರಾತ್ರಿ ಸ್ಲೀಪರ್ ಬಸ್ಸು: ಘಾಟಿ ಇಳಿಸುವ ರೀತಿಗೆ ನನ್ನ ಅಂಕ

ಬೆಂಗಳೂರಿನಿಂದ ಶಿರಾಡಿ ಘಾಟಿ ದಾರಿಯಾಗಿ ಪುತ್ತೂರಿಗೆ ಬರುವ ಒಂದು ಖಾಸಗಿ ಎ.ಸಿ. ಸ್ಲೀಪರ್ ಬಸ್ಸಿನ ವಿಮರ್ಶೆ ಇದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನಾಲ್ಕರಲ್ಲಿ ಮೂರು ಡ್ರೈವರಿಗೆ, ಒಂದು ಬಸ್ಸಿಗೆ. ಕಂಪನಿಯ ಹೆಸರು ಬರೆಯುವುದಿಲ್ಲ. ಒಂದೇ ಕಂಪನಿಯಲ್ಲಿ ಇವತ್ತೊಂದು ಬಸ್ಸು, ನಾಳೆ ಇನ್ನೊಂದು. ಡ್ರೈವರೂ ಬದಲಾಗುತ್ತಾರೆ. ಹೆಸರಿಗಿಂತ ಬಸ್ಸನ್ನು ಅಳೆಯುವುದು ಹೇಗೆ ಅಂತ ಬರೆದರೆ ಓದಿದವರಿಗೆ ಯಾವ ಬಸ್ಸಿನಲ್ಲಾದರೂ ಉಪಯೋಗಕ್ಕೆ ಬರುತ್ತದೆ.

ಬುಕ್ ಮಾಡುವಾಗ ನಾವೆಲ್ಲ ರೇಟಿಂಗ್ ನೋಡುತ್ತೇವೆ. ಎ.ಸಿ. ಚೆನ್ನಾಗಿತ್ತು, ಕಂಬಳಿ ವಾಸನೆ ಇತ್ತು, ಚಾರ್ಜಿಂಗ್ ಪಾಯಿಂಟ್ ಕೆಲಸ ಮಾಡಲಿಲ್ಲ, ಅರ್ಧ ಗಂಟೆ ಲೇಟು. ಇವೆಲ್ಲ ಬೇಕಾದ ಮಾಹಿತಿಯೇ. ಆದರೆ ಬ್ರೇಕ್ ಹಾಕಿದಾಗ ಮಲಗಿದವರ ಮೈಗೆ ಏನಾಯಿತು, ತಿರುವಿನಲ್ಲಿ ಎಷ್ಟು ಉರುಳಿದರು ಅಂತ ಯಾರೂ ಬರೆಯುವುದಿಲ್ಲ. ರಾತ್ರಿ ಬಸ್ಸಿನಲ್ಲಿ ನಿದ್ದೆ ಬರುವುದೂ ಬಾರದಿರುವುದೂ ನಿಂತಿರುವುದು ಅದರ ಮೇಲೆಯೇ.

ನಾನು ಪುತ್ತೂರು ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಜಡತ್ವದ (ಇದ್ದ ಸ್ಥಿತಿಯಲ್ಲೇ ಉಳಿಯಲು ನೋಡುವ ಗುಣ) ಪಾಠಕ್ಕೆ ಪ್ರತಿ ವರ್ಷ ಬಸ್ಸಿನ ಉದಾಹರಣೆಯೇ. ನಿಂತ ಬಸ್ಸು ಹೊರಟರೆ ಹಿಂದಕ್ಕೆ ವಾಲುತ್ತೇವೆ. ಓಡುವ ಬಸ್ಸು ನಿಂತರೆ ಮುಂದಕ್ಕೆ ಮುಗ್ಗರಿಸುತ್ತೇವೆ. ತಿರುಗಿದರೆ ಪಕ್ಕಕ್ಕೆ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಎರಡು ಅಂಕ ತೆಗೆಯುತ್ತಾರೆ. ಬಸ್ಸು ಓಡಿಸುವವರು, ಬರ್ತ್ ಜೋಡಿಸುವವರು, ಟಿಕೆಟ್ ತೆಗೆಯುವ ನಾವು ಇದನ್ನು ನೆನಪಿಟ್ಟುಕೊಂಡರೆ ಎಷ್ಟೋ ಜನರ ರಾತ್ರಿ ಸುಖವಾಗುತ್ತದೆ. ನನಗೆ ಇದು ಸಣ್ಣ ವಿಷಯ ಅಲ್ಲ. ಜೊತೆಗೆ ಬರುವುದು ಅಮ್ಮ. ಎಪ್ಪತ್ತು ದಾಟಿದೆ. ಘಾಟಿ ಅಂದರೆ ಅವರಿಗೆ ವಾಂತಿ. ತಮ್ಮನ ಮನೆ ರಾಜಾಜಿನಗರದಲ್ಲಿರುವುದರಿಂದ ಈ ದಾರಿ ತಪ್ಪುವುದೂ ಇಲ್ಲ.

ಬಸ್ಸಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮಲ್ಟಿ ಆಕ್ಸಲ್ ಬಸ್ಸು, ಏರ್ ಸಸ್ಪೆನ್ಷನ್. ಒಂದು ಬದಿ ಡಬಲ್ ಬರ್ತ್, ಇನ್ನೊಂದು ಬದಿ ಸಿಂಗಲ್, ಮೇಲೆ ಕೆಳಗೆ ಎರಡು ಸಾಲು. ಟಿಕೆಟ್ 1,100 ರೂಪಾಯಿ. ರಾತ್ರಿ ಹತ್ತರ ಹೊತ್ತಿಗೆ ಗೊರಗುಂಟೆಪಾಳ್ಯದಲ್ಲಿ ಹತ್ತಿದರೆ ಬೆಳಕು ಹರಿಯುವ ಮೊದಲೇ ಪುತ್ತೂರು. ಬೆಡ್‌ಶೀಟ್ ಶುಭ್ರ, ಎ.ಸಿ. ಹದ. ಇಷ್ಟು ಸಾಕು.

ಬರ್ತ್ ವಿಷಯಕ್ಕೆ ಮಾತ್ರ ಸ್ವಲ್ಪ ಸಮಯ ಕೊಡಬೇಕು. ಬಸ್ಸಿನ ಎಲ್ಲ ಬರ್ತೂ ಒಂದೇ ಅಲ್ಲ. ಒಂದೇ ಹಂಪ್ ಹತ್ತಿದರೂ ಮಧ್ಯದಲ್ಲಿ ಮಲಗಿದವರಿಗೆ ಸಣ್ಣ ಏರಿಳಿತ, ಕೊನೆಯಲ್ಲಿ ಮಲಗಿದವರಿಗೆ ಎತ್ತಿ ಹಾಕಿದ ಹಾಗೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವ ಭಾಗ ಕಡಿಮೆ ಕುಣಿಯುತ್ತದೆ. ಹಿಂದಿನ ಚಕ್ರ ದಾಟಿ ಹೊರಗೆ ಚಾಚಿದ ಭಾಗ ಜಾಸ್ತಿ ಕುಣಿಯುತ್ತದೆ. ಮೇಲಿನ ಬರ್ತಿಗೆ ಇನ್ನೊಂದು ತೊಂದರೆ. ತಿರುವಿನಲ್ಲಿ ಬಸ್ಸು ಪಕ್ಕಕ್ಕೆ ವಾಲಿದಾಗ ನೆಲದ ಹತ್ತಿರ ಇದ್ದವರು ಸ್ವಲ್ಪ ಸರಿಯುತ್ತಾರೆ, ಮೇಲಿದ್ದವರು ಹೆಚ್ಚು ದೂರ ತೂಗುತ್ತಾರೆ. ಹಾಗಾಗಿ ಅಮ್ಮನಿಗೆ ಯಾವಾಗಲೂ ಮಧ್ಯದ ಲೋವರ್ ಬರ್ತ್. ಬುಕ್ ಮಾಡುವಾಗ ಜನ ಕಿಟಕಿ ನೋಡುತ್ತಾರೆ, ಬಾಗಿಲಿಗೆ ಹತ್ತಿರ ಇದೆಯಾ ನೋಡುತ್ತಾರೆ. ಚಕ್ರ ಎಲ್ಲಿದೆ ನೋಡಿ ಅಂತ ನಾನು ಹೇಳುತ್ತೇನೆ. ಕೊನೆಯ ಬರ್ತಿಗೂ ಮಧ್ಯದ ಬರ್ತಿಗೂ ಅವತ್ತು ಒಂದೇ ದರ ಇತ್ತು. ಇದು ನ್ಯಾಯ ಅಲ್ಲ.

ಇನ್ನೊಂದು, ತಲೆ ಯಾವ ಕಡೆ. ಈ ಬಸ್ಸಿನಲ್ಲಿ ದಿಂಬು ಹಿಂಬದಿಗೆ ಇಟ್ಟಿದ್ದಾರೆ, ಕಾಲು ಡ್ರೈವರ್ ಕಡೆಗೆ. ಸರಿಯಾದ ಕ್ರಮ ಇದೇ. ಜೋರಾಗಿ ಬ್ರೇಕ್ ಬಿದ್ದರೆ ಬಸ್ಸಿನ ವೇಗ ಇಳಿಯುತ್ತದೆ, ನಮ್ಮ ಮೈ ಮಾತ್ರ ಹಳೇ ವೇಗದಲ್ಲೇ ಮುಂದೆ ಹೋಗಲು ನೋಡುತ್ತದೆ. ಆಗ ಮುಂದಿನ ಹಲಗೆಗೆ ಪಾದ ತಾಗಿದರೆ ಮಂಡಿ ಬಗ್ಗಿ ಹೊಡೆತ ತಡೆದುಕೊಳ್ಳುತ್ತದೆ. ತಲೆ ತಾಗಿದರೆ ತಡೆಯುವುದು ಕುತ್ತಿಗೆ. ಕೆಲವರು ಫ್ಯಾನಿನ ಗಾಳಿ ಬೇಕು ಅಂತ ದಿಂಬು ತಿರುಗಿಸಿ ಮಲಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಾನು ಬರ್ತ್ ಹತ್ತಿದ ಕೂಡಲೇ ಒಂದು ಕೆಲಸ ಮಾಡುತ್ತೇನೆ. ಬ್ಯಾಗಿನಲ್ಲಿ ನೂಲಿಗೆ ಕಟ್ಟಿದ ಒಂದು ಬೀಗದ ಕೈ ಇರುತ್ತದೆ. ಅದನ್ನು ಕಿಟಕಿಯ ಮೇಲಿನ ಸರಳಿಗೆ ಕಟ್ಟಿ, ಹಿಂದೆ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ಟೇಪ್ ಹಾಕಿ ಅಂಟಿಸುತ್ತೇನೆ. ಸಮತಟ್ಟು ರಸ್ತೆಯಲ್ಲಿ ಬಸ್ಸು ಒಂದೇ ವೇಗದಲ್ಲಿ ನೇರವಾಗಿ ಹೋಗುತ್ತಿದ್ದರೆ ನೂಲು ನೆಟ್ಟಗೆ ನಿಲ್ಲುತ್ತದೆ. ಬ್ರೇಕ್ ಬಿದ್ದರೆ ಮುಂದಕ್ಕೆ ವಾಲುತ್ತದೆ. ಎಷ್ಟು ಡಿಗ್ರಿ ವಾಲಿತು ಅನ್ನುವುದರಿಂದ ಬ್ರೇಕಿನ ಜೋರು ಗೊತ್ತಾಗುತ್ತದೆ. 6 ಡಿಗ್ರಿ ವಾಲಿದರೆ ಬಸ್ಸಿನ ವೇಗ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 1 ಮೀಟರಿನಷ್ಟು ಇಳಿಯುತ್ತಿದೆ ಅಂತ. 27 ಡಿಗ್ರಿ ಅಂದರೆ 5 ಮೀಟರ್. ಅಷ್ಟಾದರೆ ಮಲಗಿದವರು ಜಾರುತ್ತಾರೆ, ಬಾಟಲಿ ಹಾರುತ್ತದೆ, ಮಕ್ಕಳು ಅಳುತ್ತಾರೆ.

80 ಕಿ.ಮೀ. ವೇಗದ ಬಸ್ಸನ್ನು ಮೊದಲ ರೀತಿಯಲ್ಲಿ ನಿಲ್ಲಿಸಲು 22 ಸೆಕೆಂಡು ಬೇಕು, ಸುಮಾರು 250 ಮೀಟರ್ ರಸ್ತೆ ಬೇಕು. ಎರಡನೇ ರೀತಿಯಲ್ಲಿ ನಾಲ್ಕೂವರೆ ಸೆಕೆಂಡು, 50 ಮೀಟರ್. ಅಂದರೆ ಮೆತ್ತಗೆ ನಿಲ್ಲಿಸಬೇಕಾದರೆ ಡ್ರೈವರ್ ಐವತ್ತು ಮೀಟರಲ್ಲ, ಕಾಲು ಕಿಲೋಮೀಟರ್ ಮುಂದೆ ನೋಡಿರಬೇಕು. ಟೋಲ್ ಗೇಟು, ಹಂಪ್, ರಸ್ತೆ ದಾಟುವ ದನ ಎಲ್ಲ ಅಷ್ಟು ದೂರದಿಂದಲೇ ಕಾಣಬೇಕು. ಅವತ್ತು ನೆಲಮಂಗಲದಿಂದ ಹಾಸನದ ತನಕ, ನಾನು ಎಚ್ಚರ ಇದ್ದಷ್ಟು ಹೊತ್ತು, ಬೀಗದ ಕೈ 6 ಡಿಗ್ರಿ ದಾಟಿದ್ದು ಅಪರೂಪ. ಇನ್ನೂ ಖುಷಿ ಕೊಟ್ಟ ವಿಷಯ ಬೇರೆ ಇದೆ. ಬಸ್ಸು ಪೂರ್ತಿ ನಿಲ್ಲುವ ಕೊನೆಯ ಗಳಿಗೆಯಲ್ಲಿ ಇವರು ಪೆಡಲನ್ನು ಸ್ವಲ್ಪ ಸಡಿಲಿಸುತ್ತಾರೆ. ಹಾಗಾಗಿ ನಿಂತ ಮೇಲೆ ಹಿಂದಕ್ಕೆ ಒದೆಯುವ ಆ ಜರ್ಕ್ ಇರುವುದಿಲ್ಲ. ನಮಗೆ ಕಷ್ಟ ಕೊಡುವುದು ಬ್ರೇಕಿನ ಬಲ ಮಾತ್ರ ಅಲ್ಲ, ಅದು ಎಷ್ಟು ತಟ್ಟನೆ ಬರುತ್ತದೆ, ಎಷ್ಟು ತಟ್ಟನೆ ಹೋಗುತ್ತದೆ ಅನ್ನುವುದು ಕೂಡ. ನಿಧಾನಕ್ಕೆ ಬಂದ ಬಲಕ್ಕೆ ಮೈ ಹೊಂದಿಕೊಳ್ಳುತ್ತದೆ.

ಚನ್ನರಾಯಪಟ್ಟಣದ ಹತ್ತಿರ ಅಮ್ಮ ಕೇಳಿದರು, "ಬಸ್ಸು ನಿಂತಿದೆಯಾ?" ಫೋನ್ ನೋಡಿದೆ, ವೇಗ 78 ಅಂತ ತೋರಿಸುತ್ತಿತ್ತು. ಒಂದು ಬಸ್ಸಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ವೇಗ ನಮಗೆ ಗೊತ್ತೇ ಆಗುವುದಿಲ್ಲ. ವೇಗ ಬದಲಾಗುವುದು ಮಾತ್ರ ಗೊತ್ತಾಗುತ್ತದೆ. ಗೆಲಿಲಿಯೊ 1632ರಲ್ಲಿ ಹೇಳಿದ್ದು ಇದನ್ನೇ. ದೊಡ್ಡ ಹಡಗಿನ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತುಕೊಳ್ಳಿ. ಚಿಟ್ಟೆ ಹಾರಲಿ, ಬೋಗುಣಿಯಲ್ಲಿ ಮೀನು ಈಜಲಿ, ಮೇಲಿನ ಪಾತ್ರೆಯಿಂದ ನೀರು ತೊಟ್ಟಿಕ್ಕಲಿ. ಹಡಗು ಒಂದೇ ಸಮನೆ ಹೋಗುತ್ತಿದ್ದರೆ, ಅದು ನಿಂತಿದೆಯೋ ಹೋಗುತ್ತಿದೆಯೋ ಒಳಗಿನ ಯಾವುದರಿಂದಲೂ ಹೇಳಲು ಆಗುವುದಿಲ್ಲ. ಬಸ್ಸಿನಲ್ಲಿ ಚಿಟ್ಟೆ ಇಲ್ಲ, ಸೊಳ್ಳೆ ಇದೆ. 80 ಕಿ.ಮೀ. ವೇಗದ ಬಸ್ಸಿನಲ್ಲಿ ಸೊಳ್ಳೆ ಆರಾಮವಾಗಿ ಕಿವಿಯ ಹತ್ತಿರ ಸುತ್ತುತ್ತದೆ, ಹಿಂದಿನ ಗಾಜಿಗೆ ಅಪ್ಪಳಿಸುವುದಿಲ್ಲ. ಒಳಗಿನ ಗಾಳಿ ಬಸ್ಸಿನ ಜೊತೆಗೇ ಹೋಗುತ್ತಿದೆಯಲ್ಲ.

ಶಾಲೆಯಲ್ಲಿ ಮಕ್ಕಳು ಕೇಳುವ ಪ್ರಶ್ನೆ ಒಂದಿದೆ. ಓಡುವ ಬಸ್ಸಿನಲ್ಲಿ ಮೇಲಕ್ಕೆ ಹಾರಿದರೆ ಹಿಂದಿನ ಸೀಟಿನಲ್ಲಿ ಬೀಳುತ್ತೇವಾ ಟೀಚರ್? ಒಂದು ಅಡಿ ಎತ್ತರ ಹಾರಿದರೆ ಅರ್ಧ ಸೆಕೆಂಡು ಗಾಳಿಯಲ್ಲಿರುತ್ತೇವೆ. ಅಷ್ಟರಲ್ಲಿ ಬಸ್ಸು 11 ಮೀಟರ್ ಮುಂದೆ ಹೋಗಿರುತ್ತದೆ. ಆದರೂ ಹಾರಿದ ಜಾಗದಲ್ಲೇ ಬೀಳುತ್ತೇವೆ, ಯಾಕಂದರೆ ನಾವೂ ಆ 11 ಮೀಟರ್ ಹೋಗಿರುತ್ತೇವೆ. ಹಾರುವಾಗ ನಮ್ಮ ಮೈಯಲ್ಲಿದ್ದ ವೇಗವನ್ನು ಯಾರೂ ಕಿತ್ತುಕೊಂಡಿಲ್ಲ.

ಅವತ್ತು ಪಕ್ಕದ ಬರ್ತಿನಲ್ಲಿ ಒಬ್ಬ ಪುಟ್ಟ ಹುಡುಗ ಇದ್ದ. ಮಾಲಿನಿಂದ ತಂದ ಹೀಲಿಯಂ ಬಲೂನು ಅವನ ಕೈಯಲ್ಲಿತ್ತು. (ಬೀದಿಯಲ್ಲಿ ಸಿಲಿಂಡರ್ ಇಟ್ಟು ತುಂಬಿಸುವ ಗ್ಯಾಸ್ ಬಲೂನಿನಲ್ಲಿ ಎಷ್ಟೋ ಸಲ ಹೈಡ್ರೋಜನ್ ಇರುತ್ತದೆ. ಕಿಡಿ ತಾಗಿದರೆ ಭಗ್ ಅಂತ ಉರಿಯುತ್ತದೆ. ಅದನ್ನು ಬಸ್ಸಿನೊಳಗೆ ತರಲೇಬಾರದು.) ಅವನ ಅಮ್ಮ ದಾರವನ್ನು ಬರ್ತಿನ ಸರಳಿಗೆ ಕಟ್ಟಿದ್ದರು. ನೆಲಮಂಗಲದ ತನಕ ಟ್ರಾಫಿಕ್. ಹೋಗು, ನಿಲ್ಲು, ಹೋಗು, ನಿಲ್ಲು. ಪ್ರತಿ ಸಲ ನಿಂತಾಗ ಪರದೆ ಮುಂದಕ್ಕೆ, ನನ್ನ ಬೀಗದ ಕೈ ಮುಂದಕ್ಕೆ, ಹುಡುಗನ ತಲೆ ಮುಂದಕ್ಕೆ. ಬಲೂನು ಮಾತ್ರ ಹಿಂದಕ್ಕೆ! ಹೊರಟಾಗ ಎಲ್ಲವೂ ಹಿಂದಕ್ಕೆ, ಬಲೂನು ಮುಂದಕ್ಕೆ.

ಹುಡುಗ ನನ್ನನ್ನೇ ಕೇಳಿದ, "ಆಂಟಿ, ಇದು ಯಾಕೆ ಉಲ್ಟಾ?" ಎಷ್ಟು ಒಳ್ಳೆಯ ಪ್ರಶ್ನೆ! ಬಸ್ಸಿನ ಒಳಗೆ ಗಾಳಿಯೂ ಇದೆ, ಗಾಳಿಗೂ ತೂಕ ಇದೆ, ಜಡತ್ವ ಇದೆ. ಬ್ರೇಕ್ ಹಾಕಿದಾಗ ಗಾಳಿಯೂ ಮುಂದಕ್ಕೆ ನುಗ್ಗುತ್ತದೆ. ಮುಂದಿನ ಕಡೆ ಒಂಚೂರು ಒತ್ತಡ ಜಾಸ್ತಿಯಾಗುತ್ತದೆ. ಹೀಲಿಯಂ ಗಾಳಿಗಿಂತ ತುಂಬಾ ಹಗುರ. ಹಾಗಾಗಿ ಒತ್ತಡ ಕಡಿಮೆ ಇರುವ ಹಿಂಬದಿಗೆ ಗಾಳಿ ಅದನ್ನು ತಳ್ಳುತ್ತದೆ. ಬಲೂನು ಮೇಲಕ್ಕೆ ಏರುವುದೂ ಇದೇ ಕಾರಣಕ್ಕೆ. ಕೆಳಗಿನ ಗಾಳಿಯ ಒತ್ತಡ ಮೇಲಿನದಕ್ಕಿಂತ ಜಾಸ್ತಿ, ಅಷ್ಟೇ. ಹುಡುಗನಿಗೆ ಎಷ್ಟು ಅರ್ಥವಾಯಿತೋ, ಹಾಸನದ ತನಕ ಮಲಗಲಿಲ್ಲ. ಪ್ರತಿ ತಿರುವಿಗೂ "ಈಗ ಒಳಗೆ ಬರುತ್ತೆ ನೋಡಿ" ಅಂತ ಕೂಗುತ್ತಿದ್ದ. ಸರಿಯಾಗಿಯೇ ಹೇಳುತ್ತಿದ್ದ. ತಿರುವಿನಲ್ಲಿ ನಾವು ಹೊರಬದಿಗೆ ವಾಲಿದರೆ ಬಲೂನು ಒಳಬದಿಗೆ ವಾಲುತ್ತದೆ. ಕಿಟಕಿ ಎಲ್ಲ ಮುಚ್ಚಿದ ಎ.ಸಿ. ಬಸ್ಸಿನಲ್ಲಿ ಇದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಪಾಠದ ಕೋಣೆಯಲ್ಲಿ ಹೀಗೆ ತೋರಿಸಲು ಸಾಧ್ಯವೇ ಇಲ್ಲ.

ಹಾಸನ ಬರುವ ಮೊದಲು ಒಂದು ಹೋಟೆಲಿನ ಮುಂದೆ ಹದಿನೈದು ನಿಮಿಷ ನಿಲ್ಲಿಸಿದರು. ಪಕ್ಕದಲ್ಲಿ ಇನ್ನೊಂದು ಸ್ಲೀಪರ್ ಬಸ್ಸು, ಕಿಟಕಿಗೆ ಕಿಟಕಿ ತಾಗುವಷ್ಟು ಹತ್ತಿರ. ಅದು ರಿವರ್ಸ್ ಹೋಗಲು ಶುರು ಮಾಡಿತು. ಅಮ್ಮ ಗಾಬರಿಯಾಗಿ ಸರಳು ಹಿಡಿದುಕೊಂಡರು. "ಅಯ್ಯೋ, ಡ್ರೈವರ್ ಕೆಳಗೆ ಚಾ ಕುಡಿತಾ ಇದ್ದಾರೆ, ಬಸ್ಸು ಹೋಗ್ತಾ ಉಂಟು!" ಎಲ್ಲರಿಗೂ ಆಗುವ ಅನುಭವ ಇದು. ರೈಲ್ವೆ ಸ್ಟೇಷನ್ನಿನಲ್ಲಿ ಇನ್ನೂ ಜಾಸ್ತಿ. ಕಿಟಕಿಯ ತುಂಬ ಕಾಣುವುದು ಆ ಬಸ್ಸು ಮಾತ್ರ. ಅದು ಹಿಂದೆ ಹೋಯಿತೋ ನಾವು ಮುಂದೆ ಹೋದೆವೋ ಕಣ್ಣಿಗೆ ಹೇಳಲು ಆಗುವುದಿಲ್ಲ. ನಾನು ಬೀಗದ ಕೈ ತೋರಿಸಿದೆ. ಅದು ಅಲುಗಾಡಿಲ್ಲ. ನಮ್ಮ ಬಸ್ಸು ಹೊರಟಿದ್ದರೆ ಅದು ಹಿಂದಕ್ಕೆ ವಾಲಲೇಬೇಕಿತ್ತು.

ಆರ್ಯಭಟ 499ರಲ್ಲೇ ಇದನ್ನು ಹೇಳಿದ್ದ ಅಂತ ಅಮ್ಮನಿಗೆ ಹೇಳಿದೆ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದಲ್ಲಿ ನಿಂತಿರುವುದು ಹಿಂದೆ ಹೋದಂತೆ ಕಾಣುತ್ತದೆ. ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣುವುದೂ ಹಾಗೆಯೇ ಅಂದ. ಭೂಮಿ ತಿರುಗುತ್ತದೆ ಅನ್ನುವುದನ್ನು ಆತ ವಿವರಿಸಿದ್ದು ಹೀಗೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮ ಮನೆಯೂ ಬಸ್ಸಿನ ಹಾಗೆ ಹೋಗ್ತಾ ಉಂಟಲ್ವಾ" ಅಂದರು. ಹೌದಮ್ಮ ಅಂದೆ.

ಈಗ ಘಾಟಿ. ಸಕಲೇಶಪುರ 900 ಮೀಟರಿಗಿಂತ ಎತ್ತರದಲ್ಲಿದೆ. ದೋಣಿಗಲ್ ದಾಟಿದ ಮೇಲೆ ಮಾರನಹಳ್ಳಿ, ಗುಂಡ್ಯ ಅಂತ ರಸ್ತೆ ಇಳಿಯುತ್ತಾ ಬರುತ್ತದೆ. ಪಕ್ಕದಲ್ಲೇ ಕಾಡಿನೊಳಗೆ ರೈಲು ದಾರಿಯೂ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ. ರೈಲು ಅಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ತೆವಳುತ್ತದೆ. ಅಷ್ಟು ತಿರುವಿದ್ದರೂ ರೈಲಿನಲ್ಲಿ ವಾಂತಿ ಮಾಡುವವರು ಕಡಿಮೆ. ವೇಗ ಕಡಿಮೆ, ತಿರುವು ಅಗಲ. ರಸ್ತೆಯಲ್ಲಿ ಎರಡೂ ನಮ್ಮ ಪರ ಇಲ್ಲ. ಅಲ್ಲಿ ಎಲ್ಲವೂ ಡ್ರೈವರ್ ಕೈಯಲ್ಲಿ.

ಒಂದು ತಿರುವಿನ ತ್ರಿಜ್ಯ 30 ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ತಿರುಗಿದರೆ 60 ಕೆ.ಜಿ. ತೂಕದವರಿಗೆ 6 ಕೆ.ಜಿ. ಭಾರ ಪಕ್ಕಕ್ಕೆ ಎಳೆದಂತೆ ಅನಿಸುತ್ತದೆ. ದಿಂಬಿಗೆ ಒರಗಿ ತಡೆದುಕೊಳ್ಳಬಹುದು. ಅದೇ ತಿರುವನ್ನು 30 ಕಿ.ಮೀ.ಯಲ್ಲಿ ತಿರುಗಿದರೆ 14 ಕೆ.ಜಿ. ವೇಗ ಒಂದೂವರೆ ಪಟ್ಟು ಆಯಿತು, ಎಳೆತ ಎರಡೂಕಾಲು ಪಟ್ಟು ಆಯಿತು. ವೇಗದ ವರ್ಗಕ್ಕೆ ಸರಿಯಾಗಿ ಎಳೆತ ಏರುತ್ತದೆ ಅಂತ ನಾವು ಬೋರ್ಡಿನ ಮೇಲೆ ಬರೆಯುತ್ತೇವಲ್ಲ, ಅದು ಶಿರಾಡಿಯಲ್ಲಿ ಪಕ್ಕೆಲುಬಿಗೆ ಅರ್ಥವಾಗುತ್ತದೆ. ಹತ್ತು ಕಿಲೋಮೀಟರ್ ವೇಗ ಕಡಿಮೆ ಮಾಡಿದರೆ ಇಡೀ ಘಾಟಿಗೆ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಜಾಸ್ತಿ ಆದೀತು. ಮಲಗಿದವರಿಗೆ ಸಿಗುವ ಸುಖ ಅದಕ್ಕಿಂತ ಎಷ್ಟೋ ದೊಡ್ಡದು.

ನಿಜವಾಗಿ ಪಕ್ಕಕ್ಕೆ ಯಾರೂ ಎಳೆಯುತ್ತಿಲ್ಲ. ನಮ್ಮ ಮೈ ನೇರವಾಗಿ ಹೋಗಲು ನೋಡುತ್ತದೆ, ಬಸ್ಸು ತಿರುಗಿ ನಮ್ಮ ಕೆಳಗಿನಿಂದ ಸರಿಯುತ್ತದೆ, ಬರ್ತಿನ ಅಂಚು ಬಂದು ನಮ್ಮನ್ನು ಒಳಕ್ಕೆ ತಳ್ಳುತ್ತದೆ. ರಸ್ತೆಯಲ್ಲಿ ನಿಂತು ನೋಡುವವರಿಗೆ ಇದು ಸ್ಪಷ್ಟ. ಬಸ್ಸಿನೊಳಗೆ ಇದ್ದವರಿಗೆ ಮಾತ್ರ ಯಾರೋ ದಬ್ಬಿದ ಹಾಗೆ. ಮಕ್ಕಳಿಗೆ ಕೇಂದ್ರಾಪಗಾಮಿ ಬಲದ (ತಿರುಗುವಾಗ ಹೊರಕ್ಕೆ ದಬ್ಬಿದಂತೆ ಅನಿಸುವ ಬಲ) ಗೊಂದಲ ಬರುವುದು ಇಲ್ಲೇ. ಎಲ್ಲಿ ನಿಂತು ನೋಡುತ್ತಿದ್ದೀರಿ ಅಂತ ಮೊದಲು ಕೇಳಿದರೆ ಗೊಂದಲ ಅರ್ಧ ಹೋಗುತ್ತದೆ.

ಹೋಟೆಲ್ ಹತ್ತಿರ ಡ್ರೈವರ್ ಜೊತೆ ಮಾತಾಡಿದ್ದೆ. ಐವತ್ತರ ಹತ್ತಿರದ ವಯಸ್ಸು, ಉಪ್ಪಿನಂಗಡಿ ಕಡೆಯವರು. ಅಮ್ಮನಿಗೆ ಘಾಟಿಯಲ್ಲಿ ಆಗುವುದಿಲ್ಲ ಅಂದೆ. ಅವರು ಹೇಳಿದರು, "ತಿರುವಿನ ಒಳಗೆ ಬ್ರೇಕ್ ಹಿಡಿದ್ರೆ ಮಲಗಿದವ್ರು ಉರುಳ್ತಾರೆ ಟೀಚರೇ. ತಿರುವಿನ ಮೊದ್ಲೇ ಗೇರ್ ಇಳಿಸಿ ಸ್ಪೀಡ್ ಕಮ್ಮಿ ಮಾಡ್ಬೇಕು. ಒಳಗೆ ಹೋದ ಮೇಲೆ ಸ್ಟೇರಿಂಗ್ ಒಂದೇ ಕೆಲಸ." ಎಷ್ಟು ಸರಿ! ತಿರುವಿನಲ್ಲಿ ಬ್ರೇಕ್ ಹಾಕಿದರೆ ಮೈ ಒಂದೇ ಹೊತ್ತಿಗೆ ಪಕ್ಕಕ್ಕೂ ಮುಂದಕ್ಕೂ ಹೋಗುತ್ತದೆ. ಟೈರಿನ ಹಿಡಿತಕ್ಕೂ ಎರಡು ಕೆಲಸ ಒಟ್ಟಿಗೆ ಬೀಳುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಅದು ಅಪಾಯ. ಇವರು ಹೇಳಿದ್ದನ್ನೇ ಮಾಡಿದರು. ಪ್ರತಿ ತಿರುವಿಗೂ ಮೊದಲು ಇಂಜಿನಿನ ಸದ್ದು ದಪ್ಪವಾಗುತ್ತಿತ್ತು, ನೂಲು ಸ್ವಲ್ಪ ಮುಂದಕ್ಕೆ ಬಂದು ಮತ್ತೆ ಮೊದಲಿನ ಜಾಗಕ್ಕೆ ಹೋಗುತ್ತಿತ್ತು, ಆಮೇಲೆ ತಿರುವು. ಮೂರು ಅಂಕ ಇವರಿಗೆ ಸುಮ್ನೆ ಕೊಟ್ಟದ್ದಲ್ಲ.

ಇನ್ನೊಂದು ಕಾರಣ ಟ್ಯಾಂಕರ್. ಮಂಗಳೂರಿನಿಂದ ಹೊರಡುವ ಗ್ಯಾಸ್ ಮತ್ತು ಪೆಟ್ರೋಲ್ ಟ್ಯಾಂಕರ್‌ಗಳಿಗೆ ಈ ಘಾಟಿಯೇ ದಾರಿ, ಖಾಲಿಯಾದವು ಇದೇ ದಾರಿಯಲ್ಲಿ ವಾಪಸ್ ಇಳಿಯುತ್ತವೆ. ಟ್ಯಾಂಕಿನೊಳಗಿನ ದ್ರವಕ್ಕೂ ಜಡತ್ವ ಇದೆ. ತಿರುವಿನಲ್ಲಿ ಲಾರಿ ತಿರುಗಿದರೂ ಒಳಗಿನ ದ್ರವ ನೇರ ಹೋಗಿ ಹೊರಬದಿಯ ಗೋಡೆಗೆ ಅಪ್ಪಳಿಸುತ್ತದೆ. ಪೂರ್ತಿ ತುಂಬಿದ್ದಕ್ಕಿಂತ ಅರ್ಧ ತುಂಬಿದ ಟ್ಯಾಂಕರಿನಲ್ಲಿ ಈ ತುಳುಕಾಟ ಜಾಸ್ತಿ. ಟ್ಯಾಂಕಿನ ಒಳಗೆ ಹಾಕುವ ಅಡ್ಡ ಹಲಗೆ ಬ್ರೇಕ್ ಹಾಕಿದಾಗಿನ ತುಳುಕನ್ನು ಒಡೆಯುತ್ತದೆ, ತಿರುವಿನ ತುಳುಕನ್ನು ಅಷ್ಟಾಗಿ ತಡೆಯುವುದಿಲ್ಲ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಜನ ಸತ್ತದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಆ ಕಾರಣಕ್ಕೆ, ಘಾಟಿಯಲ್ಲಿ ಟ್ಯಾಂಕರನ್ನು ಓವರ್‌ಟೇಕ್ ಮಾಡದ ಡ್ರೈವರ್ ಕಂಡರೆ ನನಗೆ ಗೌರವ.

ಲೆಕ್ಕ ಹಾಕಿ ನೋಡಿ. ಮುಂದಿನ ಟ್ಯಾಂಕರ್ 15 ಕಿ.ಮೀ. ವೇಗದಲ್ಲಿ, ನಮ್ಮ ಬಸ್ಸು 25ರಲ್ಲಿ. ಟ್ಯಾಂಕರಿಗೆ ಹೋಲಿಸಿದರೆ ನಮ್ಮ ವೇಗ 10 ಮಾತ್ರ. ಎರಡು ವಾಹನದ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಎಲ್ಲ ಸೇರಿ 46 ಮೀಟರ್ ಅಂದುಕೊಂಡರೆ ದಾಟಲು 16 ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟರಲ್ಲಿ ನಾವು ರಸ್ತೆಯಲ್ಲಿ 115 ಮೀಟರ್ ಹೋಗಿರುತ್ತೇವೆ. ಎದುರಿನಿಂದ 40ರಲ್ಲಿ ಬರುವ ಕಾರು 180 ಮೀಟರಿಗಿಂತ ಹೆಚ್ಚು ಹತ್ತಿರ ಬಂದಿರುತ್ತದೆ. ಅಂದರೆ ಸುಮಾರು 300 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಬೇಕು. ಶಿರಾಡಿಯ ತಿರುವುಗಳಲ್ಲಿ ಎಲ್ಲಿದೆ ಅಷ್ಟು? ನಮ್ಮ ಡ್ರೈವರ್ ಒಂದು ಟ್ಯಾಂಕರಿನ ಹಿಂದೆ ತುಂಬಾ ಹೊತ್ತು ಸುಮ್ಮನೆ ಬಂದರು. ಹಿಂದಿನ ಬರ್ತಿನವರೊಬ್ಬರು "ಇವರೇನು ಎತ್ತಿನಗಾಡಿ ಓಡಿಸ್ತಾರಾ" ಅಂದರು. ನನಗೆ ಎದ್ದು ಹೋಗಿ ಡ್ರೈವರಿಗೆ ಥ್ಯಾಂಕ್ಸ್ ಹೇಳಬೇಕು ಅನಿಸಿತು.

ವಾಂತಿ ಬರುವುದು ಹೊಟ್ಟೆಯ ದೋಷದಿಂದ ಅಂತ ತುಂಬಾ ಜನ ತಿಳಿದಿದ್ದಾರೆ. ಮೂಲ ಇರುವುದು ಕಿವಿಯಲ್ಲಿ. ಒಳಕಿವಿಯಲ್ಲಿ ಅರ್ಧ ಬಳೆಯಂತಹ ಮೂರು ನಾಳ ಇವೆ, ಅದರ ತುಂಬ ದ್ರವ. ತಲೆ ತಿರುಗಿದಾಗ ನಾಳ ತಿರುಗುತ್ತದೆ, ದ್ರವ ಜಡತ್ವದಿಂದ ಹಿಂದೆ ಉಳಿಯುತ್ತದೆ. ಆ ವ್ಯತ್ಯಾಸವನ್ನೇ ಮೆದುಳು ತಿರುಗುವಿಕೆ ಅಂತ ಓದುತ್ತದೆ. ಅಲ್ಲೇ ಪಕ್ಕದಲ್ಲಿ ಸುಣ್ಣದ ಸಣ್ಣ ಹರಳುಗಳಿವೆ. ಬ್ರೇಕ್ ಹಾಕಿದಾಗ ಅವು ಸರಿದು, ವೇಗ ಬದಲಾಯಿತು ಅಂತ ಸುದ್ದಿ ಕೊಡುತ್ತವೆ. ನನ್ನ ಬೀಗದ ಕೈ ಮಾಡುವ ಕೆಲಸವನ್ನೇ ದೇವರು ಕಿವಿಯೊಳಗೆ ಇಟ್ಟಿದ್ದಾನೆ. ಘಾಟಿಯಲ್ಲಿ ಎಡಕ್ಕೊಂದು ಬಲಕ್ಕೊಂದು ತಿರುವು ಬಂದಾಗ ಆ ದ್ರವಕ್ಕೆ ನೆಲೆಯಾಗಲು ಸಮಯವೇ ಸಿಗುವುದಿಲ್ಲ. ಕಿವಿ "ತಿರುಗುತ್ತಿದ್ದೇವೆ" ಅನ್ನುತ್ತದೆ. ಪರದೆ ಎಳೆದ ಬರ್ತಿನಲ್ಲಿ ಮೊಬೈಲ್ ನೋಡುವ ಕಣ್ಣು "ಇಲ್ಲ, ಎಲ್ಲ ನಿಂತಿದೆ" ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ.

ಆದ್ದರಿಂದ ಸಕಲೇಶಪುರ ಬಂದ ಮೇಲೆ ಮೊಬೈಲ್ ಬೇಡವೇ ಬೇಡ. ಅಂಗಾತ ಮಲಗಿ, ತಲೆ ಅಲುಗದ ಹಾಗೆ ಎರಡು ಬದಿಗೆ ದಿಂಬೋ ಶಾಲೋ ಇಟ್ಟು, ಕಣ್ಣು ಮುಚ್ಚಬೇಕು. ಕೂತು ಹೋಗುವ ಬಸ್ಸಾದರೆ ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಬೇಕು, ಆಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಡಾಕ್ಟರ್ ಬರೆದ ಮಾತ್ರೆ ಇದ್ದರೆ ಹೊರಡುವ ಮೊದಲೇ ತೆಗೆದುಕೊಳ್ಳಿ, ತೊಳಸಲು ಶುರುವಾದ ಮೇಲೆ ನುಂಗಿ ಪ್ರಯೋಜನ ಕಡಿಮೆ. ಅವತ್ತು ಅಮ್ಮ ಗುಂಡ್ಯದ ತನಕ ನಿದ್ದೆ ಮಾಡಿದರು. ಎದ್ದು "ಘಾಟಿ ಯಾವಾಗ ಬರುದು?" ಅಂತ ಕೇಳಿದರು. ಮುಗೀತಮ್ಮ ಅಂದಾಗ ಅವರ ಮುಖ ನೋಡಬೇಕಿತ್ತು.

ಒಂದು ಅಂಕ ಯಾಕೆ ಕಡಿಮೆ ಅಂತ ಹೇಳಲೇಬೇಕು. ಮೇಲಿನ ಬರ್ತಿನ ಅಂಚಿನ ಸರಳು ಗೇಣುದ್ದವೂ ಇಲ್ಲ. ಬೆಲ್ಟ್ ಇಲ್ಲ. ಒಳ್ಳೆಯ ಡ್ರೈವರ್ ಇದ್ದರೆ ಏನೂ ಆಗುವುದಿಲ್ಲ ನಿಜ. ಆದರೆ ಅವರ ಮುಂದೆ ಒಂದು ಕಾಡುಹಂದಿ ಅಡ್ಡ ಬಂದರೆ? ಆಗ ಹಾಕಬೇಕಾದದ್ದು ಜೋರು ಬ್ರೇಕೇ. 60 ಕೆ.ಜಿ. ಮನುಷ್ಯನನ್ನು 30 ಕೆ.ಜಿ. ಭಾರದಷ್ಟು ಬಲ ತಳ್ಳುತ್ತದೆ. ಬಸ್ಸು ತಿರುವಿನಲ್ಲಿದ್ದರೆ ತಳ್ಳುವುದು ಅಂಚಿನ ಕಡೆಗೂ. ಐದಾರು ಅಡಿ ಎತ್ತರದಿಂದ ನಡುದಾರಿಗೆ ಬೀಳುತ್ತಾರೆ. ಮಕ್ಕಳನ್ನು ಮೇಲಿನ ಬರ್ತಿನಲ್ಲಿ ಅಂಚಿನ ಕಡೆ ಮಲಗಿಸಬೇಡಿ, ಕಿಟಕಿ ಕಡೆ ಮಲಗಿಸಿ. ಸ್ಟೀಲ್ ಬಾಟಲಿ, ಟಿಫಿನ್ ಡಬ್ಬಿ ತಲೆಯ ಮೇಲಿನ ತಟ್ಟೆಯಲ್ಲಿ ಇಡಬೇಡಿ. ಬಸ್ಸು ನಿಂತರೂ ಅವು ನಿಲ್ಲುವುದಿಲ್ಲ.

ಇನ್ನೂ ಒಂದು. ಉಪ್ಪಿನಂಗಡಿಯಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕ್ಲೀನರ್ ಬಾಗಿಲು ತೆಗೆದು "ಬೇಗ ಇಳೀರಿ" ಅಂದ. ನಿದ್ದೆಗಣ್ಣಿನ ಒಬ್ಬ ಅಜ್ಜ ಮೆಟ್ಟಿಲಿಗೆ ಕಾಲಿಟ್ಟಿದ್ದರು. ಓಡುವ ಬಸ್ಸಿನಿಂದ ಹಾಗೆ ಇಳಿದರೆ ಪಾದ ನೆಲಕ್ಕೆ ತಾಗಿ ನಿಲ್ಲುತ್ತದೆ, ಮೈ ಬಸ್ಸಿನ ವೇಗದಲ್ಲೇ ಮುಂದೆ ಹೋಗುತ್ತದೆ, ಮುಖ ಅಡಿಯಾಗಿ ಬೀಳುತ್ತಾರೆ. ಊರಿನ ಸರ್ವಿಸ್ ಬಸ್ಸಿನಿಂದ ಹಾರಿ ಇಳಿದು ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡುವ ಹುಡುಗರಿಗೆ ಆ ಅಭ್ಯಾಸ ಇದೆ. ಅಜ್ಜನಿಗೆ ಇಲ್ಲ. ಡ್ರೈವರ್ ತಕ್ಷಣ ಗದರಿದರು, ಅಜ್ಜ ಬಚಾವಾದರು. ಕಂಪನಿಯ ಆಫೀಸಿಗೆ ಫೋನ್ ಮಾಡಿ ಸರಳಿನ ವಿಷಯ, ಬಾಗಿಲಿನ ವಿಷಯ ಎರಡೂ ಹೇಳಿದ್ದೇನೆ. ಬರೆದುಕೊಂಡೆವು ಅಂದಿದ್ದಾರೆ.

ಪುತ್ತೂರಿನಿಂದ ಬೆಂಗಳೂರಿಗೆ ಹೋಗುವವರಿಗೆ ಒಂದು ಮಾತು ಬೇರೆ ಇದೆ. ಇಳಿಯುವಾಗ ದಿಂಬು ಹಿಂಬದಿಗೆ ಇದ್ದರೆ ತಲೆ ಎತ್ತರದಲ್ಲಿರುತ್ತದೆ. ಘಾಟಿ ಹತ್ತುವಾಗ ಅದೇ ದಿಂಬಿನ ತಲೆ ತಗ್ಗಿಗೆ ಬರುತ್ತದೆ, ಕಾಲು ಮೇಲೆ. ಎದೆಯುರಿ ಇರುವವರಿಗೆ ಊಟದ ಹುಳಿ ಗಂಟಲಿಗೆ ಬರುತ್ತದೆ. ಆದರೂ ದಿಂಬು ತಿರುಗಿಸಬೇಡಿ. ಇನ್ನೊಂದು ದಿಂಬು ಕೇಳಿ ತೆಗೆದುಕೊಳ್ಳಿ, ಕ್ಲೀನರ್ ಕೊಡುತ್ತಾರೆ. ಊಟ ಏಳೂವರೆ ಎಂಟಕ್ಕೇ ಮುಗಿಸಿ ಬಸ್ಸು ಹತ್ತಿ. ಹತ್ತುವಾಗ ವೇಗ ಕಡಿಮೆ ಇರುವುದರಿಂದ ತಿರುವಿನ ಎಳೆತವೂ ಕಡಿಮೆ. ಅಮ್ಮನಿಗೆ ಹೋಗುವ ದಾರಿ ಯಾವತ್ತೂ ಅಷ್ಟು ಕಷ್ಟ ಕೊಟ್ಟಿಲ್ಲ.